ಸೆರೆಯಲ್ಲಿರುವ ಹುಲಿ, ಸಿಂಹ, ಚಿರತೆಗಳಿಗೆ ತಗಲುವ ಅಂಟುರೋಗಗಳು

ಹುಲಿ, ಸಿಂಹ, ಚಿರತೆಗಳ ರೋಗವಿಚಾರವು ವ್ಯವಸಾಯದ ಪತ್ರಿಕೆಗೆ ಸಲ್ಲತಕ್ಕ ವಿಷಯವಲ್ಲವೆಂದು ವಾಚಕರಲ್ಲಿ ಕೆಲವರಿಗೆ ತೋರಬಹುದು. ಹೊಲವನ್ನು ಉಳುವವನಿಗೂ ಬೋನಿನಲ್ಲಿರುವ ಹುಲಿಗೂ ಏನು ಸಂಬಂಧವೆಂದು ಕೇಳುವುದೂ ಸಹಜವೇ. ಆದರೆ ಈಚಿನ ವರ್ಷಗಳಲ್ಲಿ ಮೃಗಾಲಯಗಳಲ್ಲಿಯೂ ಮೃಗರಕ್ಷಣಾಕೇಂದ್ರಗಳಲ್ಲಿಯೂ ಈ ಮೃಗಗಳನ್ನು ಕೊಂದ ರೋಗಗಳ ಮೂಲವನ್ನು ವಿಚಾರಿಸಿದರೆ, ಅವುಗಳಲ್ಲಿ ಹೆಚ್ಚಿನವು ಅಡವಿಯ ರೋಗಗಳಲ್ಲವೆಂದು ಗೊತ್ತಾಗುವುದು. ಊರಿನ ನಾಯಿ, ಮನೆಯ ಬೆಕ್ಕು, ಸಾಕಿದ ಕೋಳಿ, ಕಡೆಗೆ ಮನುಷ್ಯ, ಇವರಲ್ಲಿ ವಾಸಿಸತಕ್ಕ ರೋಗಗಳೇ ಪಂಜರದೊಳಕ್ಕೆ ನುಗ್ಗಿರುತ್ತವೆ. ಆದುದರಿಂದ ಕಾಡಿನ ಅಂಚಿನ ಗ್ರಾಮಗಳ ಮುಖ್ಯಸ್ಥರೂ, ಕಬ್ಬಿನ ಗದ್ದೆಗಳುಳ್ಳ ಜಮೀನುದಾರರೂ ಇವುಗಳ ಸ್ವರೂಪವನ್ನು ಅರಿತಿರುವುದು ಉಚಿತವಾಗಿದೆ.

ದೂರದ ಮಾತೇಕೆ? ಬೆಂಗಳೂರಿಗೆ ಸಮೀಪವಾದ ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿ 2023ನೆಯ ಇಸವಿ ಆಗಸ್ಟ್ ತಿಂಗಳ ಕೊನೆಯ ಭಾಗದಿಂದ ಸೆಪ್ಟೆಂಬರ್ ಮೊದಲ ಭಾಗದೊಳಗಾಗಿ ಏಳು ಚಿರತೆಮರಿಗಳು ಒಂದರ ಹಿಂದೊಂದು ಸತ್ತುವು. ಅವುಗಳ ವಯಸ್ಸು ಮೂರರಿಂದ ಎಂಟು ತಿಂಗಳು. ಪ್ರತಿಬಂಧಕ ಲಸಿಕೆಯನ್ನು ಅವುಗಳಿಗೆ ಮೊದಲೇ ಹಾಕಲಾಗಿತ್ತು. ರೋಗ ಕಾಣಿಸಿಕೊಂಡ ಮೇಲೆ ಚಿಕಿತ್ಸೆಯೂ ನಡೆಯಿತು. ಆದರೂ ಉಳಿಯಲಿಲ್ಲ. ಕೊಂದ ರೋಗವು ಬೆಕ್ಕುಗಳಲ್ಲಿ ಸರ್ವಸಾಧಾರಣವಾದ ಪ್ಯಾನ್‌ಲ್ಯುಕೋಪೀನಿಯಾ ಎಂಬುದು.

ಈ ರೋಗಗಳಿಗೆ ಕಾರಣವಾದುದು ವೈರಸ್ ಎಂಬ ಅತಿಸೂಕ್ಷ್ಮವಾದ ರೋಗಬೀಜ. ನೆರಡಿ, ಚಪ್ಪೆಬೇನೆ ಮುಂತಾದ ದನಗಳ ರೋಗಗಳನ್ನುಂಟುಮಾಡುವ ಕ್ರಿಮಿಗಳನ್ನು ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಕಾಣಬಹುದು. ವೈರಸ್ಸು ಅದರಲ್ಲಿಯೂ ಕಾಣಿಸದು. ಅದಕ್ಕೆ ಸ್ವತಂತ್ರವಾದ ಬೆಳವಣಿಗೆಯಿಲ್ಲ. ಪ್ರಾಣಿಯ ದೇಹದ ಜೀವಕಣವನ್ನು ಹೊಕ್ಕು, ಆ ಕಣದ ಸಾಮಗ್ರಿಯಿಂದಲೇ ತನ್ನಂಥ ಸಾವಿರಾರು ಬೀಜಗಳನ್ನು ಮಾಡಿಸಿಕೊಂಡು, ಕಣವನ್ನು ಕೆಡಿಸಿ ಹೊರಬರುವುದು. ಕ್ರಿಮಿಗಳನ್ನು ಕೊಲ್ಲುವ ಪೆನಿಸಿಲಿನ್ ಮೊದಲಾದ ಔಷಧಗಳು ಇದನ್ನು ಮುಟ್ಟಲಾರವು. ಹಾಗೆಂದು ಮೃಗಾಲಯದ ಎಲ್ಲಾ ಸಾವುಗಳನ್ನೂ ವೈರಸ್ಸಿನ ತಲೆಗೆ ಕಟ್ಟಕೂಡದು. 2000ನೆಯ ಇಸವಿಯಲ್ಲಿ ಒಡಿಶಾ ಪ್ರಾಂತದ ನಂದನಕಾನನ ಮೃಗಾಲಯದಲ್ಲಿ ಹನ್ನೆರಡು ಹುಲಿಗಳು ಸತ್ತುದು ದನ ಕುದುರೆಗಳಿಗೂ ಬರುವ ಸರ್ರಾ ರೋಗದ ಜಾತಿಯ ಪರೋಪಜೀವಿಯಿಂದ. ಅದನ್ನು ಹರಡುವುದು ಕಚ್ಚುವ ನೊಣ. ರೋಗವು ಯಾವುದೆಂಬುದನ್ನು ಪರೀಕ್ಷೆಯಿಂದ ನಿಶ್ಚಯಿಸದೆ ಮಾಡುವ ಚಿಕಿತ್ಸೆ ಕತ್ತಲಲ್ಲಿ ಕಲ್ಲು ಬೀರಿದಂತೆ.

ಪ್ಯಾನ್‌ಲ್ಯುಕೋಪೀನಿಯಾ ಎಂಬ ಹೆಸರಿಗೆ ರಕ್ತದಲ್ಲಿನ ಬಿಳಿಯ ಕಣಗಳೆಲ್ಲಾ ಕಡಿಮೆಯಾಗುವುದು ಎಂದರ್ಥ. ಈ ವೈರಸ್ಸು ಬೇಗ ಬೇಗ ಬೆಳೆಯುವ ಜೀವಕಣಗಳನ್ನೇ ಹುಡುಕಿ ಹಿಡಿಯುವುದು. ಅಂಥ ಕಣಗಳು ಮೂಳೆಯೊಳಗಿನ ಮಜ್ಜೆಯಲ್ಲಿಯೂ ಕರುಳಿನ ಒಳಪದರದಲ್ಲಿಯೂ ಹೇರಳವಾಗಿರುತ್ತವೆ. ಮಜ್ಜೆ ಕೆಟ್ಟಾಗ ದೇಹವನ್ನು ಕಾಯತಕ್ಕ ಬಿಳಿಯ ರಕ್ತಕಣಗಳು ಇಲ್ಲವಾಗುತ್ತವೆ. ಕರುಳಿನ ಪದರ ಕಳಚಿದಾಗ ವಾಂತಿ, ಭೇದಿ ಹತ್ತಿ, ಮೈಯ ನೀರೆಲ್ಲಾ ಹೋಗುವುದಲ್ಲದೆ, ಕರುಳಿನಲ್ಲಿದ್ದ ಕ್ರಿಮಿಗಳು ನೇರವಾಗಿ ರಕ್ತವನ್ನು ಸೇರುತ್ತವೆ. ಕಾವಲುಗಾರರು ಸತ್ತ ದಿವಸವೇ ಕೋಟೆಯ ಗೋಡೆಯೂ ಬಿದ್ದಂತಾಗುವುದು. ಮರಿಯು ಆಹಾರವನ್ನು ಬಿಟ್ಟು, ನೀರಿನ ಬೋಗುಣಿಯ ಮುಂದೆ ತಲೆಬಗ್ಗಿಸಿ ಕುಳಿತು, ಕುಡಿಯಲಾರದೆ ಎರಡು ಮೂರು ದಿವಸಗಳಲ್ಲಿ ಸಾಯುವುದುಂಟು. ವಯಸ್ಸಾದ ಮೃಗಗಳು ಅನೇಕ ವೇಳೆ ತಾಳಿಕೊಳ್ಳುತ್ತವೆ; ಮರಿಗಳು ತಾಳವು. ಚಿಕಿತ್ಸೆಯೆಂದರೆ ರಕ್ತನಾಳದ ಮೂಲಕ ನೀರು ಲವಣಗಳನ್ನು ತುಂಬುವುದು, ಕ್ರಿಮಿನಾಶಕ ಔಷಧಗಳಿಂದ ಎರಡನೆಯ ಶತ್ರುವನ್ನು ತಡೆಯುವುದು, ದೇಹವು ತಾನಾಗಿ ಚೇತರಿಸಿಕೊಳ್ಳುವ ತನಕ ಕಾಯುವುದು, ಇಷ್ಟೇ.

ಊರುಗಳಲ್ಲಿ ಬೆಕ್ಕಿನ ಮರಿಗಳು ಒಮ್ಮಿಂದೊಮ್ಮೆಗೆ ವಾಂತಿ ಭೇದಿಯಾಗಿ ಸಾಯುವುದನ್ನು ಅನೇಕರು ಕಂಡಿರಬಹುದು. ಯಾರೋ ಪಾಷಾಣವಿಟ್ಟರೆಂದು ನೆರೆಮನೆಯವರ ಮೇಲೆ ಸಂಶಯಪಡುವುದೂ ಉಂಟು. ಅಂಥ ಸಾವುಗಳಲ್ಲಿ ಎಷ್ಟೋ ಈ ರೋಗದಿಂದಲೇ ಆದುವು. ನಾಯಿಮರಿಗಳಿಗೆ ರಕ್ತಭೇದಿಯನ್ನುಂಟುಮಾಡುವ ಪಾರ್ವೋ ಎಂಬ ರೋಗವು ಇದರ ದಾಯಾದಿ. ಅದು 1978ನೆಯ ಇಸವಿಯ ಸುಮಾರಿಗೆ ಲೋಕದಲ್ಲಿ ಹೊಸದಾಗಿ ತೋರಿಬಂದು, ಎರಡು ವರ್ಷಗಳೊಳಗಾಗಿ ಎಲ್ಲಾ ದೇಶಗಳ ನಾಯಿಗಳಿಗೂ ಹರಡಿತು. ಬೆಕ್ಕಿನ ಜಾತಿಯ ವೈರಸ್ಸೊಂದು ಅಲ್ಪಸ್ವಲ್ಪ ವ್ಯತ್ಯಾಸಹೊಂದಿ ನಾಯಿಯನ್ನು ಸೇರಿತೆಂದು ಶಾಸ್ತ್ರಜ್ಞರ ನಿರ್ಣಯ. ಈಗ ನಾಯಿಯ ಪಾರ್ವೋ ಮರಳಿ ಬೆಕ್ಕಿನ ಜಾತಿಗೂ ತಗಲಬಲ್ಲುದು.

ಈ ವೈರಸ್ಸಿನ ಅತ್ಯಂತ ದುಷ್ಟವಾದ ಗುಣವು ಅದರ ದೀರ್ಘಾಯುಷ್ಯ. ರೋಗಿಯ ಮಲದೊಡನೆ ಹೊರಬಿದ್ದ ಬೀಜವು ನೆರಳಿನ ನೆಲದಲ್ಲಿ, ಬೋನಿನ ಸಂದಿಯಲ್ಲಿ, ಗೋಣಿತಾಟಿನಲ್ಲಿ, ಕಾವಲುಗಾರನ ಮೆಟ್ಟಿನ ಅಡಿಯಲ್ಲಿ ತಿಂಗಳುಗಟ್ಟಲೆ, ಅನುಕೂಲವಿದ್ದರೆ ಒಂದು ವರ್ಷದವರೆಗೂ, ಜೀವಿಸಿರುವುದು. ಸಾಬೂನಿಗೂ ಸ್ಪಿರಿಟ್ಟಿಗೂ ಅದು ಜಗ್ಗದು. ಬ್ಲೀಚಿಂಗ್ ಪುಡಿ ಕದಡಿದ ನೀರಿಗೆ ಮಣಿಯುವುದು. ಆದರೆ ಮೊದಲು ಹೊಲಸನ್ನು ಪೂರ್ತಿಯಾಗಿ ತೊಳೆದು ತೆಗೆದಿರಬೇಕು, ಇಲ್ಲವಾದರೆ ಪುಡಿಯ ಶಕ್ತಿಯೆಲ್ಲಾ ಹೊಲಸಿನಲ್ಲಿಯೇ ಮುಗಿದುಹೋಗುವುದು. ರೋಗದ ಬೆಕ್ಕು ಮೃಗಾಲಯಕ್ಕೆ ಬರಲೇಬೇಕಾಗಿಲ್ಲ. ಅದು ಮಲಗಿದ್ದ ಜಾಗವನ್ನು ತುಳಿದ ಕಾಲು ಬಂದರೆ ಸಾಕು.

ಲಸಿಕೆ ಹಾಕಿದ ಮರಿಗಳೂ ಏಕೆ ಸಾಯುತ್ತವೆ? ತಾಯಿಯ ಮೊದಲ ಹಾಲಿನಲ್ಲಿ ರೋಗನಿರೋಧಕ ದ್ರವ್ಯಗಳಿರುತ್ತವೆ. ಮೊದಲ ಕೆಲವು ವಾರಗಳು ಅವೇ ಮರಿಯನ್ನು ಕಾಪಾಡುತ್ತವೆ. ಆದರೆ ಆ ಅವಧಿಯಲ್ಲಿ ಹಾಕಿದ ಲಸಿಕೆಯನ್ನೂ ಅವು ಶತ್ರುವೆಂದೇ ಬಗೆದು ಅಳಿಸಿಬಿಡುತ್ತವೆ. ತಾಯಿಯ ಹಾಲಿನ ಬಲವು ಲಸಿಕೆಯನ್ನು ಕೆಡಿಸುವಷ್ಟು ಉಳಿದು, ರೋಗವನ್ನು ತಡೆಯುವಷ್ಟು ಉಳಿಯದೆ ಇರುವ ಕೆಲವು ದಿವಸಗಳ ಸಂಧಿಕಾಲವೊಂದುಂಟು. ಅದು ಒಂದೊಂದು ಮರಿಗೆ ಒಂದೊಂದು ವಯಸ್ಸಿನಲ್ಲಿ ಬರುವುದು. ಆದುದರಿಂದಲೇ ಲಸಿಕೆಯನ್ನು ಮೂರು ನಾಲ್ಕು ವಾರಗಳ ಅಂತರದಲ್ಲಿ ಮತ್ತೆ ಮತ್ತೆ ಹಾಕುವುದು. ತಾಯಿಯ ಮೊದಲ ಹಾಲನ್ನೇ ಕಾಣದ ಮರಿಗಾದರೋ ಆ ಮೊದಲಿನ ರಕ್ಷಣೆಯೂ ಇಲ್ಲ. ಕರುವಿಗೆ ಗಿಣ್ಣದ ಹಾಲನ್ನು ಕುಡಿಸದಿದ್ದರೆ ಏನಾಗುವುದೆಂದು ಬಲ್ಲ ಗೋಪಾಲಕರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಎರಡನೆಯದು ಡಿಸ್ಟೆಂಪರ್ ಎಂಬ ನಾಯಿಯ ರೋಗ. ಇದರ ವಂಶವನ್ನು ಕೇಳಿದರೆ ಹಳೆಯ ರಯಿತರಿಗೆ ಆಶ್ಚರ್ಯವಾದೀತು. ಒಂದು ಕಾಲದಲ್ಲಿ ಊರೂರುಗಳ ದನದ ಕೊಟ್ಟಿಗೆಗಳನ್ನು ಬರಿದುಮಾಡುತ್ತಿದ್ದ ದೊಡ್ಡರೋಗವೂ, ಮಕ್ಕಳಿಗೆ ಬರುವ ದಡಾರವೂ, ನಾಯಿಯ ಡಿಸ್ಟೆಂಪರೂ ಒಂದೇ ಮನೆತನದ ಮೂರು ವೈರಸ್ಸುಗಳ ಕೆಲಸ. ದೊಡ್ಡರೋಗದ ನಿವಾರಣೆಗಾಗಿಯೇ 1925ನೆಯ ಇಸವಿಯಲ್ಲಿ ಬೆಂಗಳೂರಿನಲ್ಲಿ ಸೀರಂ ಸಂಸ್ಥೆಯು ಸ್ಥಾಪಿತವಾಯಿತು. ಲಸಿಕೆಯ ಬಲದಿಂದ ಆ ಮಾರಿಯು ಲೋಕದಿಂದಲೇ ನಿರ್ಮೂಲವಾಯಿತೆಂದು 2011ನೆಯ ಇಸವಿಯಲ್ಲಿ ಸಾರಲ್ಪಟ್ಟಿತು. ಅದರ ತಮ್ಮನು ಮಾತ್ರ ಬೀದಿನಾಯಿಗಳಲ್ಲಿ ನಿರಾತಂಕವಾಗಿ ಬಾಳುತ್ತಿದ್ದಾನೆ.

ನಾಯಿಗೆ ಡಿಸ್ಟೆಂಪರ್ ತಗಲಿದಾಗ ಜ್ವರ ಬಂದು, ಕಣ್ಣು ಮೂಗುಗಳಿಂದ ಕೀವಿನಂಥ ನೀರು ಸುರಿಯುವುದು, ಕೆಮ್ಮು, ಭೇದಿಗಳಾಗುವುವು, ಅಂಗಾಲಿನ ಚರ್ಮವು ಗಡುಸಾಗುವುದು, ಕಡೆಗೆ ಮಿದುಳಿಗೆ ಏರಿ, ದವಡೆ ಕಟಕಟನೆ ಅದುರುವುದು, ಕಾಲು ಎಳೆಯುವುದು, ಮೂರ್ಛೆ ಹೋಗುವುದು. ಇದನ್ನು ಹುಚ್ಚೆಂದು ಭ್ರಮಿಸುವುದು ಸಾಮಾನ್ಯ. ಪ್ಯಾನ್‌ಲ್ಯುಕೋಪೀನಿಯಾಕ್ಕೆ ವಿರುದ್ಧವಾಗಿ ಈ ವೈರಸ್ಸು ಹೊರಗಡೆ ಬಹಳ ಕಾಲ ಬದುಕದು. ಬಿಸಿಲೂ ಸಾಬೂನೂ ಅದನ್ನು ಕೊಲ್ಲುವುವು. ಉಸಿರಿನ ತುಂತುರಿನಿಂದಲೂ ನಿಕಟ ಸಂಪರ್ಕದಿಂದಲೂ ಅದು ಸಾಗುವುದು.

ಬಹುಕಾಲದವರೆಗೆ ಈ ರೋಗವು ದೊಡ್ಡ ಬೆಕ್ಕುಗಳಿಗೆ ಬಾರದೆಂದೇ ಪಶುವೈದ್ಯರು ನಂಬಿದ್ದರು. 1991–92ರಲ್ಲಿ ಅಮೆರಿಕದ ಮೃಗಾಲಯಗಳ ಸಿಂಹ, ಹುಲಿ, ಚಿರತೆಗಳು ಸತ್ತಾಗ ಆ ನಂಬಿಕೆ ಹೋಯಿತು. 1994ನೆಯ ಇಸವಿಯಲ್ಲಿ ಆಫ್ರಿಕಾದ ಟಾಂಜಾನಿಯ ದೇಶದ ಸೆರೆಂಗೆಟಿ ಅರಣ್ಯದಲ್ಲಿ ಸಿಂಹಗಳ ಮೂರರಲ್ಲೊಂದು ಪಾಲು, ಸುಮಾರು ಸಾವಿರ ಸಿಂಹಗಳು, ಇದರಿಂದ ನಾಶವಾದುವು. ಅಲ್ಲಿ ಉಣ್ಣೆಗಳಿಂದ ಹರಡುವ ಬೆಬೀಸಿಯಾ ಎಂಬ ರಕ್ತರೋಗವೂ ಅದೇ ಕಾಲದಲ್ಲಿ ಸಿಂಹಗಳಲ್ಲಿ ಹೆಚ್ಚಾಗಿದ್ದುದರಿಂದ ಸಾವು ಇಮ್ಮಡಿಯಾಯಿತೆಂದು ಅನಂತರ ಗೊತ್ತಾಯಿತು. ಸುತ್ತಲಿನ ಗ್ರಾಮಗಳ ನಾಯಿಗಳಿಗೆ ಲಸಿಕೆ ಹಾಕುವ ಕಾರ್ಯವನ್ನು ಅಲ್ಲಿ ವರ್ಷಗಟ್ಟಲೆ ನಡೆಸಿದರು. ನಾಯಿಗಳಲ್ಲಿ ರೋಗವೇನೋ ತಗ್ಗಿತು; ಸಿಂಹಗಳಲ್ಲಿ ಪೂರ್ತಿಯಾಗಿ ನಿಲ್ಲಲಿಲ್ಲ. ನಾಯಿಯಿಂದ ಕಾಡಿನ ಇತರ ಮಾಂಸಾಹಾರಿಗಳಿಗೆ ಒಂದು ಸಾರಿ ಹರಡಿದ ಮೇಲೆ ರೋಗಕ್ಕೆ ಅನೇಕ ಮನೆಗಳು ದೊರೆಯುತ್ತವೆ. ಕಾಡನ್ನು ಹೊಗುವುದಕ್ಕೆ ಮೊದಲೇ ತಡೆಯುವುದು ಎಷ್ಟು ಮುಖ್ಯವೆಂಬುದು ಇದರಿಂದ ವ್ಯಕ್ತವಾಗುವುದು.

ನಮ್ಮ ದೇಶದ ಗಿರ್ ಅರಣ್ಯದಲ್ಲಿ 2018ನೆಯ ಇಸವಿ ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ 23 ಸಿಂಹಗಳು ಸತ್ತುವು. ಅವುಗಳಲ್ಲಿ ಕೆಲವು ಚಿಕಿತ್ಸೆಗಾಗಿ ಹಿಡಿದು ತಂದು ಬೋನುಗಳಲ್ಲಿಟ್ಟಿದ್ದಾಗಲೇ ಸತ್ತುವು. ಪುಣೆಯ ವೈರಾಣು ಸಂಸ್ಥೆಯ ಪರೀಕ್ಷೆಯಲ್ಲಿ ಡಿಸ್ಟೆಂಪರ್ ಕಂಡುಬಂದಿತು. ಏಷ್ಯಾ ಖಂಡದ ಸಿಂಹಕ್ಕೆ ಲೋಕದಲ್ಲಿ ಅದೇ ಮುಖ್ಯವಾದ ಕಾಡು. ಸುತ್ತಲಿನ ಸಿಂಹಗಳನ್ನು ಪ್ರತ್ಯೇಕಿಸಿ, ಅಮೆರಿಕದಿಂದ ತರಿಸಿದ ಲಸಿಕೆಯನ್ನು ಹಾಕಲಾಯಿತು. ನಾಯಿಗೆ ಹಾಕುವ ಲಸಿಕೆಯನ್ನೇ ಹಾಕಿದರಾಗದೇ ಎಂಬ ಪ್ರಶ್ನೆ ಏಳಬಹುದು. ಸಾಧಾರಣವಾದ ನಾಯಿಯ ಲಸಿಕೆಯಲ್ಲಿ ಶಕ್ತಿಗುಂದಿಸಿದ ಸಜೀವ ವೈರಸ್ಸಿರುವುದು. ಕೆಂಪು ಪಾಂಡ ಮೊದಲಾದ ಕೆಲವು ಕಾಡುಪ್ರಾಣಿಗಳಲ್ಲಿ ಅದೇ ರೋಗವಾಗಿ ಪರಿಣಮಿಸಿರುವ ನಿದರ್ಶನಗಳಿವೆ. ಆದುದರಿಂದ ಬೇರೊಂದು ನಿರಪಾಯವಾದ ವೈರಸ್ಸಿನೊಳಗೆ ಡಿಸ್ಟೆಂಪರಿನ ಅಂಶವನ್ನು ಮಾತ್ರ ಸೇರಿಸಿ ಮಾಡಿದ ಲಸಿಕೆಯನ್ನು ಈ ಮೃಗಗಳಿಗೆ ಆರಿಸುವರು.

ನಾಯಿಯ ರೋಗವು ಚಿರತೆಗೆ ಹೇಗೆ ಸೇರುವುದೆಂದು ಕೇಳಬೇಕಾದುದೇ ಇಲ್ಲ. ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನ ಕಬ್ಬಿನ ಸೀಮೆಯಲ್ಲಿ ಚಿರತೆಗಳ ಮಲವನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ವರದಿಯಂತೆ, ಅವು ತಿಂದ ಆಹಾರದ ತೂಕದಲ್ಲಿ ನೂರಕ್ಕೆ 39 ಭಾಗ ಸಾಕುನಾಯಿಯೇ ಆಗಿತ್ತು. ಅಂಥ ಚಿರತೆಯನ್ನು ಬೋನಿನಲ್ಲಿ ಹಿಡಿದು ರಕ್ಷಣಾಕೇಂದ್ರಕ್ಕೆ ಸಾಗಿಸಿದಾಗ, ಅದು ತಿಂದ ನಾಯಿಯ ರೋಗವೂ ಅದರೊಡನೆ ಪಂಜರಸಾಲನ್ನು ಸೇರಬಹುದು. ಹೊಸದಾಗಿ ಬಂದ ಮೃಗವನ್ನು ಬೇರೆಯಾಗಿರಿಸಿ, ಅದಕ್ಕೆ ಬೇರೆ ಕಾವಲುಗಾರ, ಬೇರೆ ಪಾತ್ರೆ, ಬೇರೆ ಪೊರಕೆಗಳನ್ನು ನೇಮಿಸಿ, ಒಂದು ತಿಂಗಳಾದರೂ ನೋಡಿದ ಮೇಲೆ ಇತರ ಮೃಗಗಳ ಬಳಿಗೆ ಬಿಡುವ ಪದ್ಧತಿಗೆ ಇದೇ ಕಾರಣ. ಕಾಡಿನಲ್ಲಿ ಚಿರತೆ ಏಕಾಂತವಾಸಿ. ಒಂದರ ರೋಗವು ಮತ್ತೊಂದಕ್ಕೆ ತಗಲುವ ಸಂದರ್ಭ ಕಡಿಮೆ. ಬೋನುಗಳು ಒತ್ತಾಗಿರುವಲ್ಲಿ ಆ ರಕ್ಷಣೆಯಿಲ್ಲ. ಸೆರೆಯ ಕಳವಳದಿಂದಲೂ ದೇಹದ ನಿರೋಧಶಕ್ತಿ ಕುಗ್ಗುವುದು.

ಮೂರನೆಯದಾದ ಹಕ್ಕಿಜ್ವರವು ಬಾಯಿಯ ಮೂಲಕ ಬರುವುದು. ಥಾಯ್ಲೆಂಡ್ ದೇಶದ ಶ್ರೀರಾಚಾ ಎಂಬಲ್ಲಿನ ಹುಲಿಗಳ ಮೃಗಾಲಯದಲ್ಲಿ 2004ನೆಯ ಇಸವಿ ಅಕ್ಟೋಬರ್ ತಿಂಗಳಲ್ಲಿ 441 ಹುಲಿಗಳಿದ್ದುವು. ಅವುಗಳಿಗೆ ಹಸಿಯ ಕೋಳಿಮಾಂಸವನ್ನು ಹಾಕುತ್ತಿದ್ದರು. ಆಗ ಆ ಸೀಮೆಯ ಕೋಳಿಗಳಲ್ಲಿ ಹಕ್ಕಿಜ್ವರವು ಹರಡಿತ್ತು. ಹುಲಿಗಳಿಗೆ ತೀವ್ರವಾದ ಜ್ವರ ಬಂದು, ಉಸಿರು ಸಿಕ್ಕಿ, ಮೂಗಿನಿಂದ ರಕ್ತಮಿಶ್ರವಾದ ನೀರು ಸುರಿಯಿತು. ಕೋಳಿಯನ್ನು ಹಾಕುವುದನ್ನು ನಿಲ್ಲಿಸಿದ ಮೇಲೂ ಹೊಸ ಹುಲಿಗಳು ಮಲಗಿದುವು. ರೋಗವು ಹುಲಿಯಿಂದ ಹುಲಿಗೆ ಹರಡಿತೆಂದು ಅದರಿಂದ ಊಹಿಸಿದರು. ಸತ್ತವೂ, ಬೇರೆ ದಾರಿಯಿಲ್ಲದೆ ಕೊಲ್ಲಬೇಕಾಗಿ ಬಂದವೂ ಸೇರಿ 147 ಹುಲಿಗಳು ಹೋದುವು. ನಮ್ಮಲ್ಲಿಯೇ ನಾಗಪುರದ ಗೋರೆವಾಡ ರಕ್ಷಣಾಕೇಂದ್ರದಲ್ಲಿ 2024ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ಸತ್ತ ಮೂರು ಹುಲಿಗಳಲ್ಲಿಯೂ ಒಂದು ಚಿರತೆಯಲ್ಲಿಯೂ ಇದೇ ಹಕ್ಕಿಜ್ವರವು ಭೋಪಾಲದ ಪ್ರಯೋಗಶಾಲೆಯ ಪರೀಕ್ಷೆಯಿಂದ ಸಿದ್ಧಪಟ್ಟಿತು. ಮಾಂಸವನ್ನು ಮಂಜುಗಡ್ಡೆಯಲ್ಲಿಟ್ಟರೆ ಈ ವೈರಸ್ಸು ಸಾಯದು, ಇನ್ನೂ ಚೆನ್ನಾಗಿ ಉಳಿಯುವುದು. ಒಳಗಿನವರೆಗೆ ಬೆಂದರೆ ಮಾತ್ರ ಸಾಯುವುದು.

ಕೋವಿಡ್ ಎಂಬುದು ಮನುಷ್ಯನು ಈ ಮೃಗಗಳಿಗೆ ಕೊಟ್ಟ ರೋಗ. 2020ನೆಯ ಇಸವಿ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಮೃಗಾಲಯದ ಹುಲಿಯಲ್ಲಿ ಅದು ಕಂಡುಬಂದಿತು. 2021ರಲ್ಲಿ ಹೈದರಾಬಾದಿನ ಎಂಟು ಸಿಂಹಗಳಿಗೆ ತಗಲಿತು, ಅವು ಗುಣಹೊಂದಿದುವು. ಅದೇ ವರ್ಷ ಜೂನ್ ತಿಂಗಳಲ್ಲಿ ಚೆನ್ನೈ ಬಳಿಯ ವಂಡಲೂರಿನಲ್ಲಿ, ರೋಗ ತಗಲಿದ್ದ ಸಿಂಹಗಳ ಪೈಕಿ ಒಂದು ಹೆಣ್ಣೂ ಒಂದು ಗಂಡೂ ಸತ್ತುವು. ಆ ಬಳಿಕ ಹರಿಯಾಣದ ಹಿಸಾರಿನ ಸಂಶೋಧನಾಕೇಂದ್ರದವರು ಪ್ರಾಣಿಗಳಿಗಾಗಿಯೇ ಒಂದು ಲಸಿಕೆಯನ್ನು ಸಿದ್ಧಪಡಿಸಿ 2022ರಲ್ಲಿ ಹೊರತಂದರು.

ಇನ್ನು ಗ್ರಾಮಗಳ ಮಾತು. 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ, ಅಭಯಾರಣ್ಯದೊಳಗೂ ಅದರಿಂದ ಐದು ಕಿಲೋಮೀಟರುಗಳ ಒಳಗೂ ಇರುವ ಜಾನುವಾರುಗಳಿಗೆ ಅಂಟುರೋಗಗಳ ಲಸಿಕೆ ಹಾಕಿಸುವ ಏರ್ಪಾಡಾಗಬೇಕೆಂದು ವಿಧಿಸಿದೆ. ಆ ಕಾಯಿದೆ ಜಾನುವಾರುಗಳೆಂದು ಎಣಿಸಿರುವ ಪ್ರಾಣಿಗಳಲ್ಲಿ ಎತ್ತು, ಎಮ್ಮೆ, ಕುರಿ, ಹಂದಿ, ಕೋಳಿಗಳೂ ಸೇರಿವೆ. ನಾಯಿ ಬೆಕ್ಕುಗಳ ಹೆಸರಿಲ್ಲ. ಈ ರೋಗಗಳ ಮಟ್ಟಿಗೆ ಮುಖ್ಯವಾದ ಪ್ರಾಣಿಗಳೇ ಬಿಟ್ಟುಹೋಗಿರುವುದು ಒಂದು ಕೊರತೆಯೆಂದೇ ಹೇಳಬೇಕು. ಆ ಕೊರತೆಯನ್ನು ಗ್ರಾಮಗಳೇ ತುಂಬಿಕೊಳ್ಳಬಹುದು. ಪಶುವೈದ್ಯಶಾಲೆಯವರು ನಡೆಸುವ ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ಶಿಬಿರಕ್ಕೆ ನಾಯಿಗಳನ್ನು ತರಿಸುವುದು ಸರಿಯೇ. ಆದರೆ ಆ ಮದ್ದು ಡಿಸ್ಟೆಂಪರನ್ನಾಗಲಿ ಪಾರ್ವೋವನ್ನಾಗಲಿ ತಡೆಯದು. ಅವಕ್ಕೆ ಬೇರೆ ಲಸಿಕೆಯುಂಟು. ತೋಟ ಕಾಯುವ ನಾಯಿಗಳಿಗೂ ಮಂದೆಯ ನಾಯಿಗಳಿಗೂ ಅದನ್ನು ಹಾಕಿಸುವ ವೆಚ್ಚವು ಜಮೀನುದಾರರಿಗೆ ಭಾರವಾದುದಲ್ಲ.

ಗುಂಪಾಗಿ ಸತ್ತ ಕೋಳಿಗಳನ್ನು ಹಳ್ಳಕ್ಕೋ ಕಾಡಿನ ಅಂಚಿಗೋ ಎಸೆಯುವ ಅಭ್ಯಾಸವನ್ನು ಕೂಡಲೇ ನಿಲ್ಲಿಸತಕ್ಕದ್ದು. ಅದು ಕೊಕ್ಕರೆರೋಗವೋ ಹಕ್ಕಿಜ್ವರವೋ ಎಂಬುದನ್ನು ಕಣ್ಣಳತೆಯಿಂದ ಹೇಳಲಾಗದು. ಪಶುವೈದ್ಯರಿಗೆ ತಿಳಿಸಿ, ಅವರು ಹೇಳಿದಂತೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಮೃಗಾಲಯಗಳಿಗೆ ಮಾಂಸ ಒದಗಿಸುವವರಿಗೆ, ರೋಗದಿಂದ ಬಿದ್ದ ಪ್ರಾಣಿಯನ್ನು ಅಗ್ಗದ ಬೆಲೆಗೆ ದಾಟಿಸುವುದು ದ್ರೋಹವೇ ಸರಿ.

ಕಬ್ಬಿನ ಕಟಾವಿನ ಕಾಲದಲ್ಲಿ ಚಿರತೆಮರಿಗಳು ದೊರೆಯುವುದು ಮಂಡ್ಯ, ಮೈಸೂರು ಸೀಮೆಗಳ ರಯಿತರಿಗೆ ಹೊಸದಲ್ಲ. ತಾಯಿಯು ಆಹಾರಕ್ಕೆ ಹೋಗಿರುವಾಗ ಕಣ್ಣುಬಿಡದ ಮರಿಗಳು ಕೂಲಿಯವರ ಕಣ್ಣಿಗೆ ಬೀಳುತ್ತವೆ. ಕೂಡಲೇ ಊರೆಲ್ಲಾ ಸೇರಿ, ಮರಿಗಳು ಕೈಯಿಂದ ಕೈಗೆ ಹೋಗಿ, ಒಬ್ಬರ ಮನೆಯ ಮೂಲೆಯಲ್ಲಿ ಬುಟ್ಟಿಯೊಳಗೆ ಕುಳಿತು ಹಸುವಿನ ಹಾಲು ಕುಡಿಯುತ್ತಾ, ಮನೆಯ ಬೆಕ್ಕು ನಾಯಿಗಳ ಉಸಿರನ್ನೂ ಹೊಲಸನ್ನೂ ತಮ್ಮದಾಗಿ ಮಾಡಿಕೊಳ್ಳುತ್ತವೆ. ಪ್ರೀತಿಯಿಂದಲೇ ನಡೆಯುವ ಈ ಉಪಚಾರದಲ್ಲಿ ಅಪಾಯವೆಲ್ಲಾ ಅಡಗಿದೆ. ಚಿರತೆಮರಿಯನ್ನು ಮನೆಯಲ್ಲಿಟ್ಟುಕೊಳ್ಳುವುದು ಕಾಯಿದೆಯ ಪ್ರಕಾರ ಅಪರಾಧವೂ ಆಗಿದೆ. ಅರಣ್ಯ ಇಲಾಖೆಯ 1926 ಎಂಬ ಸಹಾಯವಾಣಿಗೆ ಮೊದಲು ತಿಳಿಸಬೇಕು. ಅವರು ಬರುವ ತನಕ ಮರಿಗಳನ್ನು ಮುಟ್ಟದೆ, ಹಾಲು ಹಾಕದೆ, ನಾಯಿಗಳನ್ನು ಕಟ್ಟಿಹಾಕಿ, ಜನರನ್ನು ದೂರ ನಿಲ್ಲಿಸುವುದು ಗ್ರಾಮಮುಖ್ಯಸ್ಥರ ಕೆಲಸ.

ಮಹಾರಾಷ್ಟ್ರದ ಜುನ್ನರ್ ಪ್ರಾಂತದಲ್ಲಿ ಇಂಥ ಮರಿಗಳನ್ನು ಪಶುವೈದ್ಯರು ಪರೀಕ್ಷಿಸಿದ ಮೇಲೆ, ಸಂಜೆಗೆ ಅದೇ ಗದ್ದೆಯ ಅದೇ ಜಾಗದಲ್ಲಿ ಪೆಟ್ಟಿಗೆಯೊಳಗಿಟ್ಟು ದೂರ ಸರಿಯುವ ಕ್ರಮವು ಬಹಳ ಸಾರಿ ಫಲಿಸಿದೆ. ತಾಯಿಯು ಕತ್ತಲಾದ ಮೇಲೆ ಬಂದು, ಒಂದೊಂದನ್ನೇ ಕತ್ತಿನಲ್ಲಿ ಕಚ್ಚಿಕೊಂಡು ಹೋಗುವುದು. ಹೀಗೆ ಹೋದ ಮರಿಯು ಯಾವ ರಕ್ಷಣಾಕೇಂದ್ರದ ಬೋನನ್ನೂ ಸೇರಬೇಕಾಗಿಲ್ಲ. ಇದಕ್ಕೆ ಗದ್ದೆಯ ಒಡೆಯನು ಮಾಡಬೇಕಾದ ತ್ಯಾಗವು ಅಲ್ಪವೇ: ಮರಿಗಳಿದ್ದ ಮಗ್ಗುಲಿನ ನಾಲ್ಕು ಸಾಲು ಕಬ್ಬನ್ನು ಆ ದಿವಸ ಕಡಿಯದೆ ನಿಲ್ಲಿಸಿ, ಕಟಾವಿನ ಆಳುಗಳನ್ನು ಗದ್ದೆಯ ಇನ್ನೊಂದು ಕೊನೆಗೆ ಕಳುಹಿಸಬೇಕು. ಮೊದಲನೆಯ ರಾತ್ರಿ ತಾಯಿಯು ಬಾರದಿದ್ದರೆ ಎರಡನೆಯ ರಾತ್ರಿಯೂ ಆ ಸಾಲುಗಳು ನಿಂತಿರಲಿ.